ರೇಂಜರ್‌ಗೆ ಕೆಲಸವಿಲ್ಲ, ವಿಝಾರ್ಡ್‌ಗೆ ಪುರುಸೊತ್ತಿಲ್ಲ: ಕ್ಲಾಸ್ ಬ್ಯಾಲೆನ್ಸ್ ಎಲ್ಲಿ ಕೆಟ್ಟಿದೆ ಅಂತ ಹುಡುಕುವ ಕ್ರಮ

ನಮ್ಮ ರೇಂಜರ್ ದಾಳಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಕಟ್ಟಲು ಶುರು ಮಾಡಿದಾಗಲೇ ನನಗೆ ಗೊತ್ತಾಗಬೇಕಿತ್ತು. ನಮ್ಮದು ಭಾನುವಾರ ಮಧ್ಯಾಹ್ನ ಐದು ಜನ ಸೇರಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಒಬ್ಬೊಬ್ಬರು ಒಂದು ಪಾತ್ರ ವಹಿಸಿ, ಮಾತು ಮತ್ತು ದಾಳದಿಂದ ಕಥೆ ಮುಂದೆ ಸಾಗಿಸುವ ಆಟ. ನಾನು ಡಿಎಂ, ಅಂದರೆ ಕಥೆ ನಡೆಸುವವನು. ಉಳಿದ ನಾಲ್ವರಿಗೆ ಒಂದೊಂದು ಕ್ಲಾಸ್, ಅಂದರೆ ಪಾತ್ರದ ಕಸುಬು: ಫೈಟರ್ (ಹೋರಾಡುವವನು), ರೋಗ್ (ಕಳ್ಳ), ವಿಝಾರ್ಡ್ (ಮಾಂತ್ರಿಕ), ರೇಂಜರ್ (ಕಾಡು ಬಲ್ಲ ಬೇಟೆಗಾರ). ಎಂಟನೇ ಸೆಷನ್ ಹೊತ್ತಿಗೆ ಆ ಗೋಪುರ ಆರು ದಾಳದ ಎತ್ತರಕ್ಕೆ ಬಂದಿತ್ತು. ಆಟ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದ: "ಗುರೂ, ನಾನು ಬೇರೆ ಕ್ಲಾಸ್ ತಗೊಳ್ಲಾ? ಇದು ತುಂಬಾ ವೀಕ್ ಅನ್ಸ್ತಿದೆ."

ಆಗ ನಾನು ತುಂಬಾ ಜನ ಡಿಎಂಗಳು ಮಾಡುವ ತಪ್ಪನ್ನೇ ಮಾಡಿದೆ. ಮುಂದಿನ ವಾರ ಅವನಿಗೊಂದು ಮಾಯದ ಬಿಲ್ಲು ಸಿಗುವ ಹಾಗೆ ನೋಡಿಕೊಂಡೆ. ಬಾಣ ತಗುಲುವುದಕ್ಕೂ +2, ಡ್ಯಾಮೇಜ್‌ಗೂ, ಅಂದರೆ ತಗುಲಿದ ಏಟಿನ ಜೋರಿಗೂ, +2. ಎರಡು ವಾರ ಖುಷಿಯಾಗಿದ್ದ. ಮೂರನೇ ವಾರ ಗೋಪುರ ಮತ್ತೆ ಎದ್ದಿತು. ಜೊತೆಗೆ ಇನ್ನೊಂದು ಕಾಯಿಲೆ ಅಂಟಿಕೊಂಡಿತ್ತು: ಈಗ ಫೈಟರ್ ಮುಖ ಊದಿಸಿಕೊಂಡು ಕೂತಿದ್ದ.

ಬೈಕ್ ಸ್ಟಾರ್ಟ್ ಆಗದಿದ್ದರೆ ಮೊದಲು ಪೆಟ್ರೋಲ್ ಇದೆಯಾ ಅಂತ ನೋಡಬೇಕು, ಆಮೇಲೆ ಪ್ಲಗ್. ಯಾರೂ ನೇರವಾಗಿ ಇಂಜಿನ್ ಬಿಚ್ಚಲು ಕೂರುವುದಿಲ್ಲ. ಡ್ಯಾಮೇಜ್ ನಂಬರ್ ತಿದ್ದುವುದು ಅಂದರೆ ಇಂಜಿನ್ ಬಿಚ್ಚಿದ ಹಾಗೆ. ಅದನ್ನು ಕೊನೆಗೆ ಇಟ್ಟುಕೊಂಡು, ಸುಲಭವಾಗಿ ನೋಡಬಹುದಾದ್ದನ್ನು ಮೊದಲು ನೋಡುವ ಕ್ರಮ ಇಲ್ಲಿದೆ. ಲೆಕ್ಕಗಳೆಲ್ಲ ಐದನೇ ಆವೃತ್ತಿಯ 2014ರ ನಿಯಮಗಳ ಪ್ರಕಾರ. ಈಗಲೂ ಎಷ್ಟೋ ಕಡೆ ಅದನ್ನೇ ಆಡುತ್ತಾರೆ, ನಾವೂ ಅದನ್ನೇ ಆಡುತ್ತೇವೆ.

"ವೀಕ್" ಅಂದರೆ ಏನು?

ದೂರು ಕೇಳಿದ ಕೂಡಲೇ ರಿಪೇರಿಗೆ ಇಳಿಯಬೇಡಿ. "ವೀಕ್" ಅನ್ನುವ ಒಂದೇ ಮಾತಿನೊಳಗೆ ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಹೊಡೆದಾಟದಲ್ಲಿ ಏಟು ಸಾಲದೇ ಇರಬಹುದು. ತನ್ನ ಸರದಿಯೇ ಬರದೇ ಇರಬಹುದು. ತನ್ನ ಕೆಲಸವನ್ನು ಪಕ್ಕದವನು ಮಾಡಿ ಮುಗಿಸಿರಬಹುದು. ಇಲ್ಲವೇ ತನ್ನ ವಿಶೇಷ ಶಕ್ತಿ ಬಳಸಿದಾಗ ಏನೂ ನಡೆದೇ ಇಲ್ಲ ಅನ್ನಿಸಿರಬಹುದು.

"ಯಾಕೆ ವೀಕ್?" ಅಂತ ಕೇಳಿದರೆ ಆಟಗಾರ ಒಂದು ಥಿಯರಿ ಹೇಳುತ್ತಾನೆ. ಅದಕ್ಕೇ "ಯಾವಾಗ ಹಾಗನ್ನಿಸಿತು?" ಅಂತ ಕೇಳಿ. ಆಗ ಒಂದು ಘಟನೆ ಸಿಗುತ್ತದೆ, ನಮಗೆ ಬೇಕಾದ್ದೂ ಅದೇ. ಬಿಲ್ಲು ಕೊಟ್ಟು ಕೈ ಸುಟ್ಟುಕೊಂಡ ಮೇಲೆ ನಾನು ಹೀಗೆ ಕೇಳಿದೆ. ಅವನು ಹೇಳಿದ ಮೂರು ಘಟನೆಗಳಲ್ಲಿ ಒಂದೂ ಹೊಡೆದಾಟದ್ದಲ್ಲ. ಊರಿನ ಸಂದಿಯಲ್ಲಿ ಕಳ್ಳನ ಹೆಜ್ಜೆ ಗುರುತು ಹುಡುಕಿದ್ದು, ಕಾಡಿನ ಪ್ರಯಾಣ, ಆಮೇಲೆ ಸಂತೆಯಲ್ಲಿ ಎರಡು ಗಂಟೆ ನಡೆದ ಚೌಕಾಸಿ. ನಾನು ಕೊಟ್ಟ ಬಿಲ್ಲಿಗೆ ಈ ಮೂರರಲ್ಲಿ ಒಂದು ಕಡೆಯೂ ಕೆಲಸ ಇರಲಿಲ್ಲ.

ಎರಡು ಸೆಷನ್ ಗೀಟು ಹಾಕಿ

ಅನಿಸಿಕೆಯನ್ನು ಪೂರ್ತಿ ನಂಬಬೇಡಿ, ಅದು ನಿಮ್ಮದೇ ಆದರೂ ಸರಿ. ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು ಬರೆಯಿರಿ. ಯಾರದಾದರೂ ಕ್ಲಾಸ್‌ನ ಶಕ್ತಿಯಿಂದ ಕಥೆಯ ದಾರಿ ಬದಲಾದರೆ ಅವರ ಸಾಲಿಗೆ ಒಂದು ಗೀಟು. ಬೀಗ ತೆಗೆದ, ಗುರುತು ಹಿಡಿದ, ಗೋಡೆ ಹತ್ತಿದ, ಫೈರ್‌ಬಾಲ್ (ಬೆಂಕಿ ಉಂಡೆಯ ಸ್ಪೆಲ್, ಅಂದರೆ ಮಂತ್ರ) ಹಾಕಿ ಕೋಣೆ ಖಾಲಿ ಮಾಡಿದ, ಎಲ್ಲವೂ ಲೆಕ್ಕಕ್ಕೆ. ಸುಮ್ನೆ ಬಾಣ ಬಿಟ್ಟಿದ್ದು ಲೆಕ್ಕಕ್ಕಿಲ್ಲ. ಕಥೆಯೊಳಗಿನ ಒಂದು ದಿನ ಕಳೆದಾಗಲೆಲ್ಲ ಪಕ್ಕದಲ್ಲಿ ಎರಡು ಅಂಕಿ ಬರೆದುಕೊಳ್ಳಿ: ಆ ದಿನ ಎಷ್ಟು ಹೊಡೆದಾಟ, ಎಷ್ಟು ಸಲ ವಿಶ್ರಾಂತಿ.

ಎರಡು ಭಾನುವಾರ ಆದಮೇಲೆ ನನ್ನ ಪುಸ್ತಕದಲ್ಲಿ ವಿಝಾರ್ಡ್‌ನ ಗೀಟುಗಳು ಸಾಲು ತುಂಬಿ ಕೆಳಗಿನ ಸಾಲಿಗೆ ಇಳಿದಿದ್ದವು. ರೇಂಜರ್‌ದು ಎರಡು. ಅದರಲ್ಲೂ ಒಂದನ್ನು ಪಾಪ ಅನ್ನಿಸಿ ಹಾಕಿದ್ದೆ. ಆದರೆ ನನ್ನ ಕಣ್ಣು ನಿಂತಿದ್ದು ಪಕ್ಕದ ಅಂಕಿಗಳ ಮೇಲೆ. ದಿನಕ್ಕೆ ಒಂದೇ ಹೊಡೆದಾಟ, ಆಮೇಲೆ ಲಾಂಗ್ ರೆಸ್ಟ್. ಪ್ರತಿ ದಿನವೂ ಹಾಗೇ.

ಮೊದಲ ಪರೀಕ್ಷೆ: ದಿನಕ್ಕೆ ಎಷ್ಟು ಹೊಡೆದಾಟ?

ಪೆಟ್ರೋಲ್ ಇದೆಯಾ ಅಂತ ನೋಡುವ ಪರೀಕ್ಷೆ ಇದು. ಹತ್ತರಲ್ಲಿ ಐದಾರು ದೂರುಗಳು ಇಲ್ಲೇ ಮುಗಿಯುತ್ತವೆ ಅನ್ನುವುದು ನನ್ನ ಅನುಭವ.

ಖರ್ಚಾದ ಶಕ್ತಿ ಮತ್ತೆ ತುಂಬುವುದನ್ನು ಸಂಬಳ ಅಂದುಕೊಳ್ಳಿ. ಐದನೇ ಆವೃತ್ತಿಯ ಕ್ಲಾಸ್‌ಗಳು ಒಂದೇ ರೀತಿಯ ಸಂಬಳ ತೆಗೆದುಕೊಳ್ಳುವುದಿಲ್ಲ. ವಿಝಾರ್ಡ್, ಕ್ಲೆರಿಕ್ (ದೇವರ ಶಕ್ತಿಯಿಂದ ಮಂತ್ರ ಹಾಕುವ ಪೂಜಾರಿ) ಥರದವರಿಗೆ ಎಂಟು ಗಂಟೆಯ ಲಾಂಗ್ ರೆಸ್ಟ್ ಆದಮೇಲೆ ಪೂರ್ತಿ ಸಂಬಳ ಒಟ್ಟಿಗೆ ಕೈಗೆ ಬರುತ್ತದೆ. ವಾರ್ಲಾಕ್ (ಒಪ್ಪಂದದಿಂದ ಮಾಯಾಶಕ್ತಿ ಪಡೆದವನು), ಮಾಂಕ್ (ಕೈಕಾಲಿನಿಂದಲೇ ಹೋರಾಡುವ ಸನ್ಯಾಸಿ) ಒಂದು ಗಂಟೆಯ ಶಾರ್ಟ್ ರೆಸ್ಟ್ ನಂಬಿಕೊಂಡವರು, ಫೈಟರ್ ಕೂಡ ಸ್ವಲ್ಪ ಮಟ್ಟಿಗೆ ಹಾಗೇ. ರೋಗ್ ದಿನಗೂಲಿ: ಪ್ರತಿ ಸರದಿಗೂ ಅಷ್ಟೇ, ಯಾವತ್ತೂ ಅಷ್ಟೇ. 2014ರ ಡಿಎಂ ಕೈಪಿಡಿಯ ಅಂದಾಜು ಏನೆಂದರೆ, ಒಂದು ತಂಡ ದಿನಕ್ಕೆ 6ರಿಂದ 8 ಮಧ್ಯಮ ಅಥವಾ ಕಷ್ಟದ ಮುಖಾಮುಖಿಗಳನ್ನು ತಡೆದುಕೊಳ್ಳಬಲ್ಲದು, ನಡುವೆ ಎರಡು ಶಾರ್ಟ್ ರೆಸ್ಟ್. ಸಂಬಳದ ಲೆಕ್ಕ ಕೂಡಿ ಬರುವುದು ಅಂಥ ದಿನಕ್ಕೆ. ಆದರೆ ನಾಲ್ಕು ಗಂಟೆಯ ಸೆಷನ್‌ನಲ್ಲಿ ಆರು ಹೊಡೆದಾಟ ಯಾರು ಆಡಿಸುತ್ತಾರೆ ಹೇಳಿ?

ಪೆನ್ನು ತೆಗೆದುಕೊಂಡು ಲೆಕ್ಕ ಹಾಕೋಣ. 5ನೇ ಲೆವೆಲ್ ಫೈಟರ್, ದೇಹಬಲ 18 (ಅದರ ಬೋನಸ್ 4), ಕೈಯಲ್ಲಿ ದೊಡ್ಡ ಕತ್ತಿ. ಒಂದು ಏಟಿಗೆ ಎರಡು ಆರುಮುಖದ ದಾಳ ಮತ್ತು 4, ಅಂದರೆ ಸರಾಸರಿ 11. ಒಂದು ಸರದಿಗೆ ಎರಡು ಏಟು, ನೂರಕ್ಕೆ 65 ಸಲ ತಗುಲುತ್ತದೆ ಅಂದುಕೊಳ್ಳಿ. ಸರದಿಗೆ ಸುಮಾರು 14. ಇನ್ನು 5ನೇ ಲೆವೆಲ್ ವಿಝಾರ್ಡ್. ಅವನ ಹತ್ತಿರ 3ನೇ ಲೆವೆಲ್ ಸ್ಲಾಟ್ ಎರಡು; ಒಂದು ಸ್ಲಾಟ್ ಅಂದರೆ ಒಂದು ಸಲ ಸ್ಪೆಲ್ ಹಾಕುವ ಅವಕಾಶ. ಫೈರ್‌ಬಾಲ್ ಅಂದರೆ ಎಂಟು ಆರುಮುಖದ ದಾಳ, ಸರಾಸರಿ 28, ಸೇವ್ ಮಾಡಿದವರಿಗೆ (ದಾಳ ಉರುಳಿಸಿ ಪೆಟ್ಟು ತಗ್ಗಿಸಿಕೊಂಡವರಿಗೆ) ಅರ್ಧ. ನಾಲ್ಕು ಜನರ ಗುಂಪಿನಲ್ಲಿ ಇಬ್ಬರು ಸೇವ್ ಮಾಡಿದರೂ ಒಟ್ಟು 84.

ದಿನಕ್ಕೆ ಒಂದೇ ಹೊಡೆದಾಟ, ನಾಲ್ಕು ಸುತ್ತು. ವಿಝಾರ್ಡ್ ಎರಡು ಫೈರ್‌ಬಾಲ್ ಹಾಕಿ, ಉಳಿದೆರಡು ಸುತ್ತಿನಲ್ಲಿ ಸ್ಲಾಟ್ ಬೇಡದ ಸಣ್ಣ ಸ್ಪೆಲ್ ಫೈರ್‌ಬೋಲ್ಟ್ ಬಿಡುತ್ತಾನೆ. ಒಟ್ಟು ಸುಮಾರು 182. ಫೈಟರ್ ನಾಲ್ಕು ಸುತ್ತು, ಆಕ್ಷನ್ ಸರ್ಜ್‌ನಿಂದ ಇನ್ನೊಂದು ಸರದಿ ಸೇರಿಸಿದರೂ ಸುಮಾರು 72. ಎರಡೂವರೆ ಪಟ್ಟು ವ್ಯತ್ಯಾಸ!

ಈಗ ಅದೇ ಇಬ್ಬರನ್ನು ಆರು ಹೊಡೆದಾಟದ ದಿನಕ್ಕೆ ಕರೆದುಕೊಂಡು ಹೋಗಿ. 24 ಸುತ್ತು, ನಡುವೆ ಎರಡು ಶಾರ್ಟ್ ರೆಸ್ಟ್. ವಿಝಾರ್ಡ್‌ಗೆ ಆರ್ಕೇನ್ ರಿಕವರಿಯಿಂದ (ಶಾರ್ಟ್ ರೆಸ್ಟ್‌ನಲ್ಲಿ ಸ್ವಲ್ಪ ಸ್ಲಾಟ್ ಮರಳಿ ಪಡೆಯುವ ಶಕ್ತಿ) ಇನ್ನೊಂದು ಫೈರ್‌ಬಾಲ್ ಸಿಗುತ್ತದೆ. ಮೂರು ಫೈರ್‌ಬಾಲ್‌ಗೆ 252, ಉಳಿದ 21 ಸುತ್ತಿನ ಫೈರ್‌ಬೋಲ್ಟ್‌ಗೆ ಸುಮಾರು 150, ಒಟ್ಟು 402. ಫೈಟರ್ ಮೂರು ಸಲ ಆಕ್ಷನ್ ಸರ್ಜ್ ಸೇರಿಸಿ 386. ಹೆಚ್ಚು ಕಮ್ಮಿ ಸಮ. ಚಿಕ್ಕ ಸ್ಲಾಟ್‌ಗಳನ್ನು ವಿಝಾರ್ಡ್ ತನ್ನ ರಕ್ಷಣೆಗೆ ಇಟ್ಟುಕೊಂಡ ಅಂತ ಲೆಕ್ಕದಿಂದ ಬಿಟ್ಟಿದ್ದೇನೆ. ವೈರಿಗಳು ನಾಲ್ಕು ನಾಲ್ಕು ಜನ ಗುಂಪಾಗಿ ನಿಂತು ಫೈರ್‌ಬಾಲ್‌ಗೆ ಕಾಯುವುದೂ ಇಲ್ಲ ಬಿಡಿ. ಆದರೂ ಒಂದು ಮಾತು ಸ್ಪಷ್ಟ. ಫೈಟರ್‌ನ ಶಕ್ತಿಗಳನ್ನು ಬರೆದಿಟ್ಟ ಹಾಳೆಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ಬದಲಾಗಿದ್ದು ದಿನದ ಉದ್ದ ಮಾತ್ರ.

ರಿಪೇರಿಗೆ ಎರಡು ದಾರಿ. ಒಂದು, ಕಥೆಗೊಂದು ಗಡಿಯಾರ ಕಟ್ಟುವುದು. ಅಮಾವಾಸ್ಯೆಯ ರಾತ್ರಿ ಬಲಿ ಕೊಡುತ್ತಾರೆ, ಇನ್ನು ಮೂರೇ ದಿನ ಉಳಿದಿದೆ ಅಂದರೆ ಯಾರೂ ಮಧ್ಯಾಹ್ನ ಎರಡು ಗಂಟೆಗೆ ಹಾಸಿಗೆ ಬಿಡಿಸುವುದಿಲ್ಲ. ಇನ್ನೊಂದು, ವಿಶ್ರಾಂತಿಯನ್ನೇ ಉದ್ದ ಮಾಡುವುದು. ಡಿಎಂ ಕೈಪಿಡಿಯಲ್ಲೇ ಒಂದು ಪರ್ಯಾಯ ನಿಯಮ ಇದೆ: ಶಾರ್ಟ್ ರೆಸ್ಟ್‌ಗೆ 8 ಗಂಟೆ, ಲಾಂಗ್ ರೆಸ್ಟ್‌ಗೆ 7 ದಿನ. ನಮ್ಮದು ಊರೊಳಗಿನ ಒಗಟು ಬಿಡಿಸುವ ಕಥೆ, ದಿನಕ್ಕೊಂದೇ ಗಲಾಟೆ. ಹಾಗಾಗಿ ಎರಡನೆಯದನ್ನೇ ಹಿಡಿದೆವು. ಇದಕ್ಕೊಂದು ಅಡ್ಡ ಪರಿಣಾಮ ಇದೆ, ನೆನಪಿಟ್ಟುಕೊಳ್ಳಿ. ಮೇಜ್ ಆರ್ಮರ್ (ಮಾಯದ ಕವಚ) ಥರ ಎಂಟು ಗಂಟೆ ನಿಲ್ಲುವ ಸ್ಪೆಲ್‌ಗಳು ಇದ್ದಕ್ಕಿದ್ದಂತೆ ದುಬಾರಿಯಾಗುತ್ತವೆ. ಮೊದಲು ಒಂದು ಸ್ಲಾಟ್‌ಗೆ ಇಡೀ ದಿನದ ರಕ್ಷಣೆ ಸಿಗುತ್ತಿತ್ತು, ಈಗ ವಾರಕ್ಕೆ ಏಳು ಸ್ಲಾಟ್ ಬೇಕು. ನಮ್ಮ ವಿಝಾರ್ಡ್ ಅದನ್ನು ಮೊದಲ ದಿನವೇ ಕಂಡುಹಿಡಿದು ಜಗಳ ತೆಗೆದ. ಅವನದ್ದೂ ನ್ಯಾಯವೇ. ಅಂಥ ಸ್ಪೆಲ್‌ಗಳ ಅವಧಿಯನ್ನು ಮೂರು ದಿನಕ್ಕೆ ಏರಿಸಿದೆವು.

ನಿಮ್ಮ ದೂರುದಾರ ವಾರ್ಲಾಕ್ ಆಗಿದ್ದರೆ ಈ ಪರೀಕ್ಷೆ ಇನ್ನೂ ಬೇಗ ಮುಗಿಯುತ್ತದೆ. 5ನೇ ಲೆವೆಲ್‌ನಲ್ಲಿ ಅವನಿಗೆ ಇರುವುದು ಎರಡೇ ಸ್ಲಾಟ್. ನೀವು ಶಾರ್ಟ್ ರೆಸ್ಟ್ ಕೊಡದಿದ್ದರೆ ಇಡೀ ದಿನಕ್ಕೆ ಸ್ಲಾಟ್ ಬೇಕಾದ ಸ್ಪೆಲ್ ಎರಡೇ. ದೋಷ ಅವನದ್ದಲ್ಲ, ನಿಮ್ಮದು.

ಎರಡನೇ ಪರೀಕ್ಷೆ: ಕೆಲಸ ಕದಿಯುತ್ತಿರುವವರು ಯಾರು?

ದಿನ ಉದ್ದ ಮಾಡಿದ ಮೇಲೆ ಫೈಟರ್ ಮುಖ ಅರಳಿತು. ರೇಂಜರ್ ಗೋಪುರ ಮಾತ್ರ ನಿಂತೇ ಇತ್ತು. ಹಾಗಾಗಿ ಅವನು ಹೇಳಿದ ಮೊದಲ ಘಟನೆಗೆ ಹೋದೆ, ಊರಿನ ಸಂದಿಯ ಹೆಜ್ಜೆ ಗುರುತು.

ಆವತ್ತು ನಡೆದದ್ದು ಇಷ್ಟು. "ಗುರುತು ಹುಡುಕ್ತೀನಿ" ಅಂತ ರೇಂಜರ್ ದಾಳ ಉರುಳಿಸಿದ. 7 ಬಿತ್ತು. ಸಿಗಲಿಲ್ಲ. ಕೂಡಲೇ "ನಾನೂ ನೋಡ್ಲಾ?" ಅಂತ ಫೈಟರ್. "ನಾನೂ" ಅಂತ ರೋಗ್. "ನಾನೂ" ಅಂತ ವಿಝಾರ್ಡ್. ನಾನು "ಆಯ್ತು, ನೋಡಿ" ಅಂದೆ. ವಿಝಾರ್ಡ್‌ಗೆ 18 ಬಿತ್ತು. ಹುಟ್ಟಿದಾಗಿನಿಂದ ಪುಸ್ತಕ ಬಿಟ್ಟು ಆಚೆ ಬರದವನು, ಕಾಡಿನಲ್ಲಿ ಬೆಳೆದವನಿಗೆ ಹೆಜ್ಜೆ ತೋರಿಸಿದ.

ಇದು ಬರೀ ಅದೃಷ್ಟ ಅಲ್ಲ. 5ನೇ ಲೆವೆಲ್ ರೇಂಜರ್‌ಗೆ ಸರ್ವೈವಲ್‌ನಲ್ಲಿ (ಕಾಡಿನ ಬದುಕು, ಹೆಜ್ಜೆ ಗುರುತಿನ ಕೌಶಲ್ಯ) +6 ಇದೆ ಅಂದುಕೊಳ್ಳಿ. ದಾಳಕ್ಕೆ ಅದನ್ನು ಕೂಡಿಸಿ ಮುಟ್ಟಬೇಕಾದ ಗುರಿ 15 ಆದರೆ 20 ಮುಖದ ದಾಳದಲ್ಲಿ 9 ಅಥವಾ ಮೇಲೆ ಬೀಳಬೇಕು: ಶೇ. 60. ಉಳಿದ ಮೂವರಿಗೆ ಬರೀ +1. ಅವರಿಗೆ 14 ಬೇಕು, ಒಬ್ಬೊಬ್ಬರಿಗೆ ಶೇ. 35. ಆದರೆ ಮೂವರೂ ಉರುಳಿಸಿ, ಒಬ್ಬರಿಗೆ ಬಿದ್ದರೂ ಸಾಕು ಅಂದರೆ ಶೇ. 72ಕ್ಕೂ ಜಾಸ್ತಿ! ಏನೂ ಗೊತ್ತಿಲ್ಲದ ಮೂವರು ಸೇರಿದರೆ ಪರಿಣತನಿಗಿಂತ ಮೇಲು. ಇದರ ಮೂಲ ಕ್ಲಾಸ್‌ನಲ್ಲಿ ಇಲ್ಲ. ನನ್ನ "ಆಯ್ತು, ನೋಡಿ"ಯಲ್ಲಿದೆ.

ಅದನ್ನು ನಿಲ್ಲಿಸಿದೆ. ಈಗ ನಮ್ಮಲ್ಲಿ ಒಂದು ಕೆಲಸಕ್ಕೆ ಒಂದೇ ದಾಳ. ಯಾರು ಉರುಳಿಸುತ್ತಾರೆ ಅಂತ ಅವರೇ ಮಾತಾಡಿಕೊಳ್ಳಬೇಕು. ಇನ್ನೊಬ್ಬ ಸಹಾಯ ಮಾಡಬಹುದು, ಆದರೆ ಹೇಗೆ ಅಂತ ಹೇಳಬೇಕು. ಸಹಾಯ ಸಿಕ್ಕರೆ ಅಡ್ವಾಂಟೇಜ್, ಅಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ತೆಗೆದುಕೊಳ್ಳುವುದು. ರೇಂಜರ್‌ನ ಶೇ. 60 ಆಗ 84 ಆಗುತ್ತದೆ. ಪಕ್ಕದವರು ಲಾಂದ್ರ ಹಿಡಿಯುತ್ತಾರೆ, ಹೆಜ್ಜೆ ಕಾಣುವುದು ಅವನಿಗೇ.

ಕಳ್ಳತನಕ್ಕೆ ಇನ್ನೂ ಬಾಗಿಲುಗಳಿವೆ. ಸ್ಪೆಲ್ ಪಟ್ಟಿ ಅದರಲ್ಲಿ ದೊಡ್ಡದು. ರೋಗ್ ಬೀಗದ ಮುಂದೆ ಕುಕ್ಕರುಗಾಲಲ್ಲಿ ಕೂತು ತಂತಿ ಆಡಿಸುತ್ತಿದ್ದರೆ, ವಿಝಾರ್ಡ್ ಹಿಂದಿನಿಂದ ನಾಕ್ ಸ್ಪೆಲ್ ಹಾಕಿ ಮುಗಿಸುತ್ತಾನೆ. ಇಲ್ಲಿ ನಿಯಮವನ್ನು ಪೂರ್ತಿ ಓದಿದರೆ ಸಾಕು. ನಾಕ್ ಹಾಕಿದರೆ ಬಾಗಿಲು ಬಡಿದಂಥ ಸದ್ದು 300 ಅಡಿಯವರೆಗೂ ಕೇಳಿಸುತ್ತದೆ. ಈ ಸಾಲನ್ನು ಮರೆಯುವ ಡಿಎಂಗಳೇ ಜಾಸ್ತಿ, ನಾನೂ ಒಂದು ವರ್ಷ ಮರೆತಿದ್ದೆ. ಸದ್ದಿಗೆ ಎರಡು ಸಲ ಕಾವಲುಗಾರರು ಓಡಿ ಬಂದರೆ, ಮೂರನೇ ಸಲ ವಿಝಾರ್ಡೇ "ನೀನು ನೋಡಪ್ಪ" ಅಂತ ರೋಗ್‌ಗೆ ಜಾಗ ಬಿಡುತ್ತಾನೆ.

ಬ್ಯಾಕ್‌ಗ್ರೌಂಡ್, ಅಂದರೆ ಪಾತ್ರದ ಹಿಂದಿನ ಬದುಕು, ಕೂಡ ಕದಿಯುತ್ತದೆ. ನಮ್ಮ ಫೈಟರ್ ಔಟ್‌ಲ್ಯಾಂಡರ್ (ಊರಾಚೆ ಬೆಳೆದವನು) ಹಿನ್ನೆಲೆ ತೆಗೆದುಕೊಂಡಿದ್ದ. ಅದರಿಂದ ತನಗೂ ಇನ್ನೂ ಐದು ಜನಕ್ಕೂ ದಿನದ ಊಟ, ನೀರು ದಾಳವೇ ಇಲ್ಲದೆ ಹುಡುಕಬಹುದು. ಕಾಡಿನಲ್ಲಿ ಎರಡು ಪಟ್ಟು ಆಹಾರ ಸಂಗ್ರಹಿಸುವುದು ರೇಂಜರ್‌ನ ಹೆಮ್ಮೆಯ ಶಕ್ತಿ. ಆರು ಜನಕ್ಕೆ ಊಟ ಪುಕ್ಕಟೆ ಸಿಗುವಾಗ ಆ ಎರಡು ಪಟ್ಟು ಯಾರಿಗೆ ಬೇಕು? ಇದು ಕ್ಯಾಂಪೇನ್ (ಇಡೀ ಕಥಾಸರಣಿ) ಶುರುವಾಗುವ ಮುಂಚೆಯೇ ನೋಡಬೇಕಾದ ವಿಷಯ. ನಾಲ್ಕೂ ಕ್ಯಾರೆಕ್ಟರ್ ಹಾಳೆ ಟೇಬಲ್ ಮೇಲೆ ಹರಡಿ ಯಾವುದು ಯಾವುದನ್ನು ನುಂಗುತ್ತದೆ ಅಂತ ಗುರುತು ಮಾಡಿ. ಹತ್ತು ನಿಮಿಷದ ಕೆಲಸ.

ಮೂರನೇ ಪರೀಕ್ಷೆ: ಶಕ್ತಿ ಆಟ ತೆರೆಯುತ್ತದೋ, ಮುಚ್ಚುತ್ತದೋ?

ರೇಂಜರ್‌ನ ಅಸಲಿ ಕಾಯಿಲೆ ಸಿಕ್ಕಿದ್ದು ಇಲ್ಲಿ.

2014ರ ರೇಂಜರ್ 1ನೇ ಲೆವೆಲ್‌ನಲ್ಲೇ ಒಂದು ಭೂಪ್ರದೇಶ ಮತ್ತು ಒಂದು ಜಾತಿಯ ವೈರಿಯನ್ನು ಆರಿಸಿಕೊಳ್ಳಬೇಕು. ನಮ್ಮವನು ಕಾಡು ಆರಿಸಿದ. ವೈರಿಯಾಗಿ ಡ್ರ್ಯಾಗನ್. ಆಟದ ಹೆಸರಲ್ಲೇ ಡ್ರ್ಯಾಗನ್ ಇದೆ, ಬಾರದೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಅವನ ಲೆಕ್ಕ. ಮೂರನೇ ಸೆಷನ್‌ಗೆ ಕಥೆ ಊರೊಳಗೆ ಹೋಯಿತು, ಆಮೇಲೆ ಊರ ಚರಂಡಿಯೊಳಗೆ. ಎಂಟು ಸೆಷನ್‌ನಲ್ಲಿ ಒಂದು ಡ್ರ್ಯಾಗನ್ ಮೊಟ್ಟೆಯೂ ಕಾಣಲಿಲ್ಲ.

ಇದು ಕಾಯಿಲೆಯ ಅರ್ಧ ಮಾತ್ರ. ನಡುವೆ ಒಮ್ಮೆ ನಿಜವಾಗಿಯೂ ಕಾಡಿಗೆ ಹೋದೆವು. ದಾರಿ ತಪ್ಪಿಸುವ ಮಂಜು, ಸುತ್ತಿ ಸುತ್ತಿ ಅಲ್ಲಿಗೇ ಬರುವ ಕಾಲುದಾರಿ, ಮುಗಿಯುತ್ತಿರುವ ಬುತ್ತಿ ಅಂತ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ. ರೇಂಜರ್ ತನ್ನ ಹಾಳೆ ಓದಿದ: "ಮಾಯದಿಂದ ಬಿಟ್ಟರೆ ನಮ್ಮ ಗುಂಪು ದಾರಿ ತಪ್ಪೋದೇ ಇಲ್ಲ. ಕಷ್ಟದ ನೆಲದಲ್ಲೂ ನಿಧಾನ ಆಗಲ್ಲ." ಸರಿ. ನಾಲ್ಕು ಪುಟ ಎರಡು ನಿಮಿಷದಲ್ಲಿ ಮುಗಿದವು. "ನೀವು ಕಾಡು ದಾಟಿದಿರಿ" ಅಂದೆ. ಅವನ ಶಕ್ತಿ ಪೂರ್ತಿ ಕೆಲಸ ಮಾಡಿತ್ತು. ಅವನಿಗೆ ಮಾತ್ರ ಏನೂ ಮಾಡಿದ ಹಾಗೆ ಅನ್ನಿಸಿರಲಿಲ್ಲ.

ಒಂದೇ ಕೆಲಸಕ್ಕೆ ಅಂತ ಮಾಡಿದ ಕ್ಲಾಸ್‌ಗಳ ದೊಡ್ಡ ತೊಂದರೆ ಇದು. ಕೆಲಸ ಬಾರದಿದ್ದರೆ ಆಟಗಾರ ಖಾಲಿ. ಬಂದರೆ ಕೆಲಸವೇ ಮಾಯ. ಇದನ್ನು ಪರೀಕ್ಷಿಸಲು ಹಾಳೆಯಲ್ಲಿರುವ ಒಂದೊಂದು ಶಕ್ತಿಯ ಮುಂದೆಯೂ ಬರೆಯಿರಿ: ಇದನ್ನು ಬಳಸಿದ ಮೇಲೆ ಟೇಬಲ್‌ನಲ್ಲಿ ಮಾತು ಜಾಸ್ತಿಯಾಗುತ್ತದೋ, ನಿಲ್ಲುತ್ತದೋ? ಗೋಡೆ ಹತ್ತುವ ಶಕ್ತಿ ತೆರೆಯುತ್ತದೆ, ಯಾಕೆಂದರೆ ಮೇಲೆ ಹೋದವನು ಹೊಸದೇನೋ ನೋಡುತ್ತಾನೆ. "ದಾರಿ ತಪ್ಪುವುದಿಲ್ಲ" ಮುಚ್ಚುತ್ತದೆ.

ಮುಚ್ಚುವ ಶಕ್ತಿಯನ್ನು ಕಿತ್ತುಕೊಳ್ಳಬೇಡಿ, ಅದು ಅವನಿಗೆ ಹಕ್ಕಿನಿಂದ ಬಂದದ್ದು. ಅದರ ಆಚೆಗೊಂದು ಬಾಗಿಲು ಇಡಿ. ಮುಂದಿನ ಸಲ ಕಾಡಿಗೆ ಹೋದಾಗ ನಾನು ದಾಳ ಕೇಳಲೇ ಇಲ್ಲ. ರೇಂಜರ್ ಕಡೆ ತಿರುಗಿ ಹೇಳಿದೆ: "ಬೇರೆಯವರಿಗೆ ಇಲ್ಲಿ ಬರೀ ಮರ ಕಾಣುತ್ತೆ. ನಿನಗೆ ಮೂರು ದಾರಿ ಕಾಣುತ್ತೆ. ಹೊಳೆಗುಂಟ ಹೋದರೆ ಒಂದು ದಿನ, ಆದರೆ ಕರಡಿಯ ಉಗುರಿನ ಗುರುತು ಹಸಿಯಾಗಿದೆ. ದಿಣ್ಣೆ ಹತ್ತಿದರೆ ಎರಡು ದಿನ, ಮೇಲಿಂದ ಕೋಟೆ ಕಾಣುತ್ತೆ. ಮೂರನೆಯದನ್ನು ಯಾರೋ ಬೇಕಂತಲೇ ಸೊಪ್ಪು ಹಾಕಿ ಮುಚ್ಚಿದ್ದಾರೆ." ಉಳಿದ ಮೂವರೂ ಅವನ ಮುಖ ನೋಡಿದರು. ಇಪ್ಪತ್ತು ನಿಮಿಷ ಚರ್ಚೆ ನಡೆಯಿತು. ದಾಳಗಳು ಅವುಗಳ ಚೀಲದಲ್ಲೇ ಇದ್ದವು.

ಈ ಉಪಾಯ ಪತ್ತೇದಾರಿ ಆಟಗಳಲ್ಲಿ ಹಳೆಯದು. 2007ರಲ್ಲಿ ಬಂದ ಗಮ್‌ಶೂ ನಿಯಮಗಳಲ್ಲಿ ಸರಿಯಾದ ಪರಿಣತಿ ಇರುವವನು ಸರಿಯಾದ ಜಾಗಕ್ಕೆ ಹೋದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ, ದಾಳದ ಹಂಗಿಲ್ಲ. ಸಿಕ್ಕ ಸುಳಿವನ್ನು ಇಟ್ಟುಕೊಂಡು ಏನು ಮಾಡುತ್ತೀರಿ ಅನ್ನುವುದೇ ಅಲ್ಲಿ ಆಟ.

ಗಡಿಯಾರದ ಪರೀಕ್ಷೆ

ಕೆಲವೊಮ್ಮೆ ಪರಿಣತ ಖಾಲಿ ಕೂರುವುದಿಲ್ಲ, ಉಳಿದವರನ್ನು ಖಾಲಿ ಕೂರಿಸುತ್ತಾನೆ. ಇದಕ್ಕೆ ಹೆಸರುವಾಸಿ ಉದಾಹರಣೆ 1989ರ ಶಾಡೋರನ್ ಅನ್ನುವ ಇದೇ ಥರದ ಆಟ. ಅದರಲ್ಲಿ ಡೆಕರ್ ಅನ್ನುವ ಹ್ಯಾಕರ್ ಕಂಪ್ಯೂಟರ್ ಜಾಲದೊಳಗೆ ಇಳಿದರೆ ಅವನಿಗೂ ಡಿಎಂಗೂ ಮಾತ್ರ ಆಟ, ಉಳಿದವರು ಚಹಾ ಮಾಡಲು ಎದ್ದು ಹೋಗಬೇಕು. ಎಷ್ಟೋ ಗುಂಪುಗಳಲ್ಲಿ ಡೆಕರ್ ಕೆಲಸವನ್ನು ಆಟಗಾರರ ಕೈಗೇ ಕೊಡದೆ ಡಿಎಂ ನಡೆಸುವ ಪಾತ್ರಕ್ಕೆ ವಹಿಸಿಬಿಡುತ್ತಿದ್ದರು. 2020ರ ಸೈಬರ್‌ಪಂಕ್ ರೆಡ್ ಇದನ್ನು ಸರಳವಾಗಿ ಬಗೆಹರಿಸಿತು: ನೆಟ್‌ರನ್ನರ್ (ಅಲ್ಲಿನ ಹ್ಯಾಕರ್) ಆ ಜಾಗಕ್ಕೇ ಹೋಗಬೇಕು, ಎಲ್ಲರ ಜೊತೆ ಅದೇ ಸರದಿಯಲ್ಲೇ ಆಡಬೇಕು. ಪಕ್ಕದಲ್ಲಿ ಗುಂಡು ಹಾರುತ್ತಿರುವಾಗಲೇ ಅವನು ಒಳಗೆ ಇಳಿಯುತ್ತಾನೆ.

ನಿಮ್ಮ ಟೇಬಲ್‌ನಲ್ಲಿ ಫೋನಿನ ಸ್ಟಾಪ್‌ವಾಚ್ ಹಾಕಿ ನೋಡಿ. 2014ರ ಕಾಂಜ್ಯೂರ್ ಅನಿಮಲ್ಸ್ ಸ್ಪೆಲ್‌ನಿಂದ ಎಂಟು ತೋಳ ಕರೆಸಿದ ಡ್ರೂಯಿಡ್‌ನ (ಪ್ರಕೃತಿಯ ಮಾಂತ್ರಿಕನ) ಒಂದು ಸರದಿಯನ್ನು ಅಳೆಯಿರಿ. ಎಂಟು ಏಟು, ಪ್ರತಿಯೊಂದಕ್ಕೂ ಅಡ್ವಾಂಟೇಜ್ ಇದ್ದರೆ ಹದಿನಾರು ದಾಳ. ತೋಳಗಳ ಡ್ಯಾಮೇಜ್ ಬಗ್ಗೆ ಗೊಣಗುತ್ತಾರಲ್ಲ, ಅವರ ಅಸಲಿ ಸಿಟ್ಟು ಆ ಕಾಯುವಿಕೆಯ ಮೇಲೆ. ಎಂಟರ ಬದಲು ಎರಡು ದೊಡ್ಡ ಪ್ರಾಣಿ ಕರೆಸು ಅಂತ ಕೇಳಿಕೊಂಡರೆ ಮುಗಿಯಿತು. 2024ರ ಪರಿಷ್ಕರಣೆಯಲ್ಲಿ ಈ ಸ್ಪೆಲ್ ಬಿಡಿಬಿಡಿ ಪ್ರಾಣಿಗಳನ್ನು ಬಿಟ್ಟು, ಇಡೀ ಹಿಂಡನ್ನೇ ಒಂದು ಘಟಕವಾಗಿ ಕರೆಸುತ್ತದೆ.

ಉಲ್ಟಾ ದೋಷ: ಪರಿಣತನೇ ಎಲ್ಲ ನುಂಗಿದರೆ

ಸ್ಮಶಾನದ ಕಥೆಗೆ ಪ್ಯಾಲಡಿನ್ (ದೇವರ ಯೋಧ) ಬಂದರೆ ಹೀಗಾಗುತ್ತದೆ. ಏಟಿನ ಜೋರು ಹೆಚ್ಚಿಸುವ ಅವನ ಡಿವೈನ್ ಸ್ಮೈಟ್‌ಗೆ 1ನೇ ಲೆವೆಲ್ ಸ್ಲಾಟ್ ಸುರಿದರೆ ಎರಡು ಎಂಟುಮುಖದ ದಾಳದಷ್ಟು ಹೆಚ್ಚು ಡ್ಯಾಮೇಜ್, ಎದುರಿಗಿರುವುದು ಎದ್ದು ಓಡಾಡುವ ಹೆಣವೋ ಪಿಶಾಚಿಯೋ ಆದರೆ ಇನ್ನೊಂದು ದಾಳ. ಎದುರು ಬರುವುದೆಲ್ಲ ಹೆಣವೇ ಆದರೆ ಅದು ವಿಶೇಷ ಶಕ್ತಿ ಅಲ್ಲ, ಖಾಯಂ ಬೋನಸ್. ಶಕ್ತಿ ಕಡಿಮೆ ಮಾಡಲು ಹೋಗಬೇಡಿ. ಹೆಣಗಳನ್ನು ಎಬ್ಬಿಸಿದ ಮನುಷ್ಯ ಮಾಂತ್ರಿಕರನ್ನು ನಡುವೆ ಬಿಡಿ. ಇನ್ನೊಂದು ಮಾತು: "ಇವತ್ತಿನ ಪಿಶಾಚಿಗೆ ಸ್ಮೈಟ್ ತಾಗುವುದಿಲ್ಲ" ಅಂತ ಮಾತ್ರ ಯಾವತ್ತೂ ಮಾಡಬೇಡಿ. ಆಟಗಾರರಿಗೆ ಅದು ತಕ್ಷಣ ವಾಸನೆ ಹೊಡೆಯುತ್ತದೆ.

ಈಗ ಇಂಜಿನ್ ಬಿಚ್ಚಬಹುದು

ಇಷ್ಟೆಲ್ಲ ನೋಡಿದ ಮೇಲೂ ದೂರು ಉಳಿದರೆ ಕ್ಲಾಸ್‌ನಲ್ಲೇ ದೋಷ ಇರಬಹುದು. ಇದು ಐವತ್ತು ವರ್ಷದ ಹಳೇ ರಗಳೆ. 1974ರ ಮೊದಲ ಆಟದಲ್ಲಿ ಮೂರೇ ಕ್ಲಾಸ್ ಇದ್ದವು: ಹೋರಾಡುವವನು, ಮಾಂತ್ರಿಕ, ಕ್ಲೆರಿಕ್. 1975ರ ಗ್ರೇಹಾಕ್ ಪುರವಣಿಯಲ್ಲಿ ಕಳ್ಳ ಬಂದ. ಅಲ್ಲಿಯವರೆಗೆ ಮೆಲ್ಲಗೆ ನಡೆಯುವುದು, ಬಲೆ ಹುಡುಕುವುದು ಎಲ್ಲರ ಕೆಲಸವಾಗಿತ್ತು. ಕಳ್ಳನಿಗೆ ಅಂತ ಒಂದು ಪಟ್ಟಿ ಬಂದ ಕೂಡಲೇ ಉಳಿದವರು ಅದನ್ನು ಮಾಡುವಂತಿಲ್ಲ ಅನ್ನುವ ಭಾವನೆ ಬಂತು. ಕಳ್ಳನಿಗಾದರೂ ಚೆನ್ನಾಗಿ ಬರುತ್ತಿತ್ತಾ? 1981ರ ಬೇಸಿಕ್ ನಿಯಮಗಳಲ್ಲಿ 1ನೇ ಲೆವೆಲ್ ಕಳ್ಳ ಬೀಗ ತೆಗೆಯುವ ಸಾಧ್ಯತೆ ಶೇ. 15, ಬಲೆ ಹುಡುಕುವುದು ಶೇ. 10! ಪರಿಣತ ಅಂತ ಹೆಸರು, ನೂರಕ್ಕೆ 85 ಸಲ ಸೋಲು. 2008ರ ನಾಲ್ಕನೇ ಆವೃತ್ತಿ ಇನ್ನೊಂದು ತುದಿಗೆ ಹೋಗಿ ಎಲ್ಲ ಕ್ಲಾಸ್‌ಗೂ ಒಂದೇ ಅಚ್ಚಿನ ಶಕ್ತಿಗಳನ್ನು ಕೊಟ್ಟಿತು. ಬ್ಯಾಲೆನ್ಸ್ ಬಂತು, ಆದರೆ ಎಲ್ಲರೂ ಒಂದೇ ಥರ ಕಾಣುತ್ತಾರೆ ಅನ್ನುವ ದೂರು ಹುಟ್ಟಿತು. ನನಗೆ ಆ ಆವೃತ್ತಿ ಇಷ್ಟ, ಆದರೆ ಆ ದೂರು ಸುಳ್ಳಲ್ಲ.

ರೇಂಜರ್ ವಿಷಯದಲ್ಲಿ ಆಟ ಮಾಡಿದವರೇ ತಿದ್ದಿದ್ದಾರೆ. 2020ರ ಟಾಷಾಸ್ ಕಾಲ್ಡ್ರನ್ ಪುಸ್ತಕದಲ್ಲಿ ಭೂಪ್ರದೇಶದ ಶಕ್ತಿಗೆ ಬದಲಿಯಾಗಿ ಡೆಫ್ಟ್ ಎಕ್ಸ್‌ಪ್ಲೋರರ್ ಇದೆ. ಒಂದು ಕೌಶಲ್ಯದಲ್ಲಿ ಪರಿಣತಿಯ ಬೋನಸ್ (5ನೇ ಲೆವೆಲ್‌ನಲ್ಲಿ +3) ದುಪ್ಪಟ್ಟು, ಕಾಡಾದರೂ ಸರಿ ಚರಂಡಿಯಾದರೂ ಸರಿ. ನಮ್ಮವನ ಸರ್ವೈವಲ್ +6 ಇದ್ದದ್ದು +9 ಆಯಿತು, ಶೇ. 60 ಇದ್ದದ್ದು 75. ಡ್ರ್ಯಾಗನ್ ವೈರತ್ವದ ಬದಲು ಫೇವರ್ಡ್ ಫೋ ಸಿಕ್ಕಿತು. ಅದು ಯಾವ ಜಾತಿಯ ವೈರಿಗಾದರೂ ನಡೆಯುತ್ತದೆ. ನಾನೇ ಏನಾದರೂ ಹೊಸೆಯುವುದಕ್ಕಿಂತ ಇದು ಎಷ್ಟೋ ಮೇಲು.

ನೀವೇ ತಿದ್ದುವುದಾದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎರಡು ಸೆಷನ್ ನೋಡಿ, ಗೀಟು ಎಣಿಸಿ, ಆಮೇಲೆ ಮುಂದಿನದು. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಆಟಗಾರನಿಗೆ ಮೊದಲೇ ಹೇಳಿ: "ಇದು ಟ್ರಯಲ್, ಎರಡು ವಾರ ನೋಡೋಣ, ಬೇಡ ಅನ್ನಿಸಿದರೆ ವಾಪಸ್." ಈ ಮಾತು ಹೇಳದೆ ಕೊಟ್ಟದ್ದನ್ನು ಮತ್ತೆ ಕಿತ್ತುಕೊಳ್ಳುವುದು ಬಹಳ ಕಷ್ಟ.

ಹೋದ ಭಾನುವಾರ ಮತ್ತೆ ಗೀಟು ಹಾಕಿದೆ. ರೇಂಜರ್‌ಗೆ ಏಳು, ವಿಝಾರ್ಡ್‌ಗೆ ಎಂಟು, ರೋಗ್‌ಗೆ ಆರು. ಫೈಟರ್‌ಗೆ ನಾಲ್ಕು, ಸ್ವಲ್ಪ ಕಮ್ಮಿ. ಯಾಕೆ ಅಂತ ನನಗೆ ಗೊತ್ತು. ಆ +2 ಬಿಲ್ಲು ಇನ್ನೂ ರೇಂಜರ್ ಹೆಗಲ ಮೇಲೇ ಇದೆ, ವಾಪಸ್ ಕೇಳುವ ಧೈರ್ಯ ಬಂದಿಲ್ಲ. ಫೈಟರ್‌ಗೊಂದು ಕತ್ತಿ ಹುಡುಕಬೇಕು.